ಬೆಲ್ ಆದ ಮೇಲೆ ಎಷ್ಟು ಸೆಕೆಂಡು? ಗೇಟಿನ ಕ್ಯಾಮೆರಾ ಟಿವಿಗೆ ಬಂದ ಒಂದು ಪ್ರಕರಣ

ಮಧ್ಯಾಹ್ನ ಕಾಲಿಂಗ್ ಬೆಲ್ ಆಗುತ್ತದೆ. ಮನೆಯಲ್ಲಿ ಒಬ್ಬರೇ ಇದ್ದಾರೆ. ವಯಸ್ಸು 72, ಎರಡೂ ಮಂಡಿ ನೋವು. ಗೇಟಿಗೆ ಕ್ಯಾಮೆರಾ ಏನೋ ಇದೆ, ಆದರೆ ಅದರ ಚಿತ್ರ ಸಿಗುವುದು ಮೊಬೈಲಿನಲ್ಲಿ. ಮೊಬೈಲು ಒಂದು ಕಡೆ, ಕನ್ನಡಕ ಇನ್ನೊಂದು ಕಡೆ. ಎದ್ದು, ಎರಡನ್ನೂ ಹುಡುಕಿ, ಆ್ಯಪ್ ತೆರೆದು, ಗೇಟಿನ ಕ್ಯಾಮೆರಾ ಒತ್ತುವಷ್ಟರಲ್ಲಿ ಬಂದವರು ಹೋಗಿಯೇ ಬಿಟ್ಟಿರುತ್ತಾರೆ. ಮನೆಯಲ್ಲಿದ್ದವರಿಗೆ ಕಾಣುವುದು ಖಾಲಿ ಗೇಟು.

ಆ ಮನೆಯ ಮಗ ನನ್ನ ಗೆಳೆಯ. ಕ್ಯಾಮೆರಾ, ನೆಟ್‌ವರ್ಕ್ ಹಾಕಿಕೊಡುವುದೇ ನನ್ನ ಕೆಲಸ. ಒಂದು ದಿನ ಅವನು ಫೋನ್ ಮಾಡಿ, "ಅಮ್ಮನಿಗೆ ಟಿವಿಯಲ್ಲೇ ಗೇಟು ಕಾಣೋ ಹಾಗೆ ಮಾಡಿಕೊಡೋ, ಅರ್ಧ ಗಂಟೆ ಕೆಲಸ ಅಷ್ಟೆ" ಅಂದ. ನಾನೂ ಹಾಗೇ ಅಂದುಕೊಂಡು ಹೋದೆ. ಮುಗಿಸಲು ಐದು ವಾರ ಬೇಕಾಯಿತು. ಕ್ಯಾಮೆರಾದ ಚಿತ್ರವನ್ನು ಟಿವಿಗೆ ತರುವುದು ಕಷ್ಟವಲ್ಲ, ಅದು ಮೊದಲ ದಿನವೇ ಬಂತು. ಬೆಲ್ ಆದ ಎಷ್ಟು ಸೆಕೆಂಡಿಗೆ ಬರುತ್ತದೆ ಅನ್ನುವುದನ್ನು ನಾನು ಕೇಳಿಕೊಂಡೇ ಇರಲಿಲ್ಲ. ಐದು ವಾರ ಹೋಗಿದ್ದು ಅಲ್ಲಿ.

ಮನೆಯಲ್ಲಿ ಏನೇನಿತ್ತು

ಎರಡು ಅಂತಸ್ತಿನ ಮನೆ. 4 ಮೆಗಾಪಿಕ್ಸೆಲ್‌ನ ನಾಲ್ಕು ಐಪಿ ಕ್ಯಾಮೆರಾ, ಅಂದರೆ ನೆಟ್‌ವರ್ಕ್ ಮೂಲಕ ಚಿತ್ರ ಕಳಿಸುವಂಥವು: ಗೇಟು, ಕಾರು ನಿಲ್ಲಿಸುವ ಜಾಗ, ಪಕ್ಕದ ಓಣಿ, ಹಿತ್ತಿಲು. ಎಲ್ಲವೂ ಮಹಡಿಯ ಕೋಣೆಯಲ್ಲಿರುವ ಒಂದು ರೆಕಾರ್ಡರ್‌ಗೆ, ಅಂದರೆ ಎನ್‌ವಿಆರ್‌ಗೆ ಸೇರುತ್ತವೆ. ಅದರೊಳಗೆ 2 ಟಿಬಿ ಹಾರ್ಡ್ ಡಿಸ್ಕ್. ಕೆಳಗೆ ಹಾಲ್‌ನಲ್ಲಿ 43 ಇಂಚಿನ ಆಂಡ್ರಾಯ್ಡ್ ಟಿವಿ, ವೈಫೈ ಮೂಲಕ ನೆಟ್‌ವರ್ಕಿಗೆ ಸೇರಿದ್ದು. ಮಗ, ಸೊಸೆ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆ. ಅಮ್ಮನ ಕುರ್ಚಿ ಇರುವುದು ಅವರ ಕೋಣೆಯಲ್ಲಿ, ಕಿಟಕಿ ಪಕ್ಕ. ಆ ಕಿಟಕಿಯಿಂದ ಗೇಟು ಕಾಣುವುದಿಲ್ಲ.

ಮೊದಲು ಸುಮ್ನೆ ಅಳತೆ ಮಾಡೋಣ ಅಂತ ನಾನೇ ಹೋಗಿ ಬೆಲ್ ಒತ್ತಿದೆ. ಗೆಳೆಯ ಒಳಗೆ ಅಮ್ಮನ ಪಕ್ಕ ನಿಂತು ಸಮಯ ನೋಡಿದ. ಮೂರು ಸಲ ಮಾಡಿದೆವು. ಮೊಬೈಲಿನಲ್ಲಿ ನನ್ನ ಮುಖ ಕಾಣಲು 48, 55, 41 ಸೆಕೆಂಡು. ಆಮೇಲೆ ರೆಕಾರ್ಡರ್‌ನಲ್ಲಿ ಹಿಂದಿನ ವಾರದ ಗೇಟಿನ ದೃಶ್ಯ ಓಡಿಸಿ ನೋಡಿದೆ. ಬೆಲ್ ಒತ್ತಿದವರಲ್ಲಿ ಹೆಚ್ಚಿನವರು ಅರ್ಧ ನಿಮಿಷ ಕಾದು, ಮೊಬೈಲ್ ನೋಡಿಕೊಂಡು, ತಿರುಗಿ ಹೋಗಿದ್ದರು. ಲೆಕ್ಕ ಅಲ್ಲೇ ಸಿಕ್ಕಿತ್ತು. 30 ಸೆಕೆಂಡಿನೊಳಗೆ ಮುಖ ಕಾಣಬೇಕು. 10 ಆದರೆ ಇನ್ನೂ ಒಳ್ಳೇದು, ಯಾಕೆಂದರೆ ಮುಖ ಕಂಡ ಮೇಲೆ ಅಮ್ಮ ಎದ್ದು ಬಾಗಿಲ ತನಕ ನಡೆಯಲೂ ಬೇಕಲ್ಲ.

ಆ ಲೆಕ್ಕವನ್ನು ಹಾಳೆಯಲ್ಲಿ ಬರೆದಿಟ್ಟುಕೊಂಡೆ. ಆದರೂ ಮುಂದಿನ ಎರಡು ವಾರ ಅದನ್ನು ಮರೆತು ಚಿತ್ರದ ಹಿಂದೆಯೇ ಓಡಿದೆ.

ಮೊದಲ ಪ್ರಯತ್ನಗಳು

ಮೊಬೈಲಿನ ಪರದೆಯನ್ನೇ ಟಿವಿಗೆ ಹಾಯಿಸುವ ದಾರಿ ಎಲ್ಲರಿಗೂ ಮೊದಲು ಹೊಳೆಯುತ್ತದೆ. ಗೆಳೆಯ ಅದನ್ನು ಆಗಲೇ ಮಾಡಿ ನೋಡಿದ್ದ. ಮೊಬೈಲು ಹುಡುಕುವ ಕಷ್ಟ ಹಾಗೇ ಉಳಿದು, ಅದರ ಮೇಲೆ ಇನ್ನೊಂದು ಕೆಲಸ ಸೇರಿತು ಅಷ್ಟೆ. ಕ್ಯಾಮೆರಾ ಕಂಪನಿಯ ಮೊಬೈಲ್ ಆ್ಯಪನ್ನೇ ಟಿವಿಗೆ ಹಾಕಿದೆವು. ಅದು ಬೆರಳಿನಿಂದ ಒತ್ತುವವರಿಗಾಗಿ ಮಾಡಿದ್ದು. ರಿಮೋಟಿನ ಬಾಣದ ಗುರುತು ಒತ್ತಿದರೆ ಎಲ್ಲೋ ಮೂಲೆಯ ಬಟನ್ ಮೇಲೆ ಹೋಗಿ ಕೂರುತ್ತದೆ, ಅಲ್ಲಿಂದ ಅಲ್ಲಾಡುವುದಿಲ್ಲ. ಹತ್ತು ನಿಮಿಷದಲ್ಲಿ ಅದನ್ನೂ ಬಿಟ್ಟೆವು.

ಮೂರನೆಯದು ಸರಿಯಾದ ದಾರಿ ಅನ್ನಿಸಿತು. ಬಹುತೇಕ ಐಪಿ ಕ್ಯಾಮೆರಾ, ರೆಕಾರ್ಡರ್‌ಗಳು ಆರ್‌ಟಿಎಸ್‌ಪಿ ಅನ್ನುವ ವಿಧಾನದಲ್ಲಿ ಚಿತ್ರ ಕೊಡುತ್ತವೆ. ಇದು 1998ರಲ್ಲಿ ಬಂದ ಹಳೆಯ ಪದ್ಧತಿ, ಸಾಮಾನ್ಯವಾಗಿ 554ನೇ ಪೋರ್ಟ್‌ನಲ್ಲಿ, ಅಂದರೆ ಸಾಧನದ ಆ ಅಂಕಿಯ ಬಾಗಿಲಲ್ಲಿ, ಕೂತಿರುತ್ತದೆ. ಯೂಸರ್ ಹೆಸರು, ಪಾಸ್‌ವರ್ಡ್, ರೆಕಾರ್ಡರ್‌ನ ವಿಳಾಸ, ಯಾವ ಕ್ಯಾಮೆರಾ, ಯಾವ ಸ್ಟ್ರೀಮ್, ಇಷ್ಟನ್ನು ಒಂದೇ ಸಾಲಿನ ಲಿಂಕ್ ಮಾಡಿ ಕೊಟ್ಟರೆ ವಿಎಲ್‌ಸಿ ಥರದ ಪ್ಲೇಯರ್ ಕೂಡ ತೋರಿಸುತ್ತದೆ. ಬ್ಯಾಟರಿಯಿಂದ ನಡೆಯುವ ವೈಫೈ ಕ್ಯಾಮೆರಾಗಳಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ, ಅವು ಚಾರ್ಜ್ ಉಳಿಸಲು ಹೆಚ್ಚು ಹೊತ್ತು ನಿದ್ದೆಯಲ್ಲೇ ಇರುತ್ತವೆ. ಇಲ್ಲಿ ಆ ತೊಂದರೆ ಇರಲಿಲ್ಲ. ರಿಮೋಟಿಗೆ ಹೊಂದುವ, ನಾಲ್ಕು ಕ್ಯಾಮೆರಾ ಒಟ್ಟಿಗೆ ತೋರಿಸುವ ಒಂದು ಆ್ಯಪ್ ಹಾಕಿ, ನಾಲ್ಕು ಲಿಂಕ್ ಬರೆದೆ.

ಎರಡು ಚೌಕದಲ್ಲಿ ಚಿತ್ರ ಬಂತು. ಒಂದು ಕಪ್ಪಾಗಿಯೇ ಇತ್ತು. ಇನ್ನೊಂದು ಎರಡು ಸೆಕೆಂಡಿಗೊಮ್ಮೆ ಜಗ್ಗುತ್ತಿತ್ತು.

ನಾನು ನಾಲ್ಕಕ್ಕೂ ಮೇನ್ ಸ್ಟ್ರೀಮ್ ಕೊಟ್ಟಿದ್ದೆ. ತಪ್ಪು ನನ್ನದೇ. ಪ್ರತಿ ಕ್ಯಾಮೆರಾ ಒಂದೇ ದೃಶ್ಯವನ್ನು ಎರಡು ಗಾತ್ರದಲ್ಲಿ ಕಳಿಸುತ್ತದೆ. ರೆಕಾರ್ಡಿಂಗ್‌ಗೆ ಹೋಗುವ ದೊಡ್ಡದು ಮೇನ್, ಮೊಬೈಲು ಮತ್ತು ಚಿಕ್ಕ ಚೌಕಗಳಿಗೆ ಇರುವ ಪುಟ್ಟದು ಸಬ್. ಇಲ್ಲಿ ಮೇನ್ 2560×1440, ಸಬ್ 640×360. ಟಿವಿಯ ಚಿಪ್ ಇರುವುದು ಒಂದು ಸಿನಿಮಾ ಚೆನ್ನಾಗಿ ಓಡಿಸಲಿಕ್ಕೆ. ಕ್ಯಾಮೆರಾಗಳು ಒತ್ತಿ ಕಟ್ಟಿ ಕಳಿಸುವ ನಾಲ್ಕು ದೊಡ್ಡ ವಿಡಿಯೋಗಳ ಗಂಟು ಏಕಕಾಲಕ್ಕೆ ಬಿಚ್ಚು ಅಂದರೆ ಅದಕ್ಕೆ ಆಗುವುದಿಲ್ಲ. ಚೌಕಗಳಿಗೆ ಸಬ್ ಕೊಟ್ಟೆ, ಒಂದನ್ನು ಆರಿಸಿ ದೊಡ್ಡದು ಮಾಡಿದಾಗ ಮಾತ್ರ ಮೇನ್ ಬರುವ ಹಾಗೆ ಮಾಡಿದೆ. ನಾಲ್ಕೂ ಬಂದವು.

ಇನ್ನೊಂದು ಕಾಟ ಇತ್ತು. ಆಗಾಗ ಗೇಟಿನ ಕಂಬಗಳ ಕೆಳಗಿನ ಅರ್ಧ ಬೂದು ಬಣ್ಣಕ್ಕೆ ತಿರುಗಿ, ಮೇಣದ ಹಾಗೆ ಕರಗಿ ಇಳಿಯುತ್ತಿತ್ತು. ಯಾರಾದರೂ ನಡೆದು ಬಂದರೆ ಅವರ ಕಾಲು ಹಿಂದೆ ಉಳಿದು ತಲೆ ಮಾತ್ರ ಮುಂದೆ ಹೋಗುತ್ತಿತ್ತು. ಅಮ್ಮ ನೋಡಿ, "ಇದೇನಪ್ಪಾ, ದೆವ್ವ ಬಂದ ಹಾಗಿದೆ" ಅಂದರು. ವೈಫೈನಲ್ಲಿ ದಾರಿ ಮಧ್ಯೆ ಬಿದ್ದುಹೋದ ತುಣುಕುಗಳ ಫಲ ಅದು. ಆ್ಯಪ್ ಯುಡಿಪಿ ಅನ್ನುವ ಸಾಗಣೆಯ ವಿಧಾನ ಬಳಸುತ್ತಿತ್ತು. ಬಿದ್ದುಹೋದದ್ದನ್ನು ಅದು ಮತ್ತೆ ಕೇಳುವುದಿಲ್ಲ. ಮತ್ತೆ ಕೇಳಿ ತರಿಸಿಕೊಳ್ಳುವ ಟಿಸಿಪಿಗೆ ಬದಲಿಸಿದೆ, ಕಾಲು ತಲೆ ಒಟ್ಟಿಗೆ ನಡೆಯತೊಡಗಿದವು.

ನಾಲ್ಕು ಸೆಕೆಂಡಿನ ಕಪ್ಪು

ಆಮೇಲೆ ನನ್ನ ಹಾಳೆ ನೆನಪಾಯಿತು. ಮತ್ತೆ ಸಮಯ ನೋಡಿದೆ. ರಿಮೋಟಿನಲ್ಲಿ ಗೇಟನ್ನು ಆರಿಸಿ ಓಕೆ ಒತ್ತಿದರೆ ಪರದೆ ಕಪ್ಪು. ಒಂದು, ಎರಡು, ಮೂರು, ನಾಲ್ಕು. ಕೆಲವೊಮ್ಮೆ ಐದು. ಆಮೇಲೆ ಚಿತ್ರ. ನಾವು ಪರೀಕ್ಷೆ ಮಾಡುವಾಗ ಐದು ಸೆಕೆಂಡು ಏನೂ ಅಲ್ಲ. ಗೇಟಿನಲ್ಲಿ ಯಾರೋ ಇದ್ದಾರೆ ಅನ್ನುವ ಗಡಿಬಿಡಿಯಲ್ಲಿ ರಿಮೋಟ್ ಹಿಡಿದವರಿಗೆ ಅದು ಹಾಗಲ್ಲ. ಕಪ್ಪು ಪರದೆ ನೋಡಿದ ಕೂಡಲೇ ಅಮ್ಮ ಮತ್ತೆ ಓಕೆ ಒತ್ತುತ್ತಿದ್ದರು, ಅದು ಹಿಂದಿನ ಪರದೆಗೆ ಹೋಗುತ್ತಿತ್ತು. ಮತ್ತೆ ಒತ್ತಿದರೆ ಮತ್ತೆ ಕಪ್ಪು.

ಈ ಕಪ್ಪು ಎಲ್ಲಿಂದ ಬರುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಬಹಳ ಜನ ಇದಕ್ಕೆ ವೈಫೈ ಅಥವಾ ಟಿವಿಯನ್ನು ಬೈಯುತ್ತಾರೆ. ಕ್ಯಾಮೆರಾ ಪ್ರತಿ ಸಲವೂ ಪೂರ್ತಿ ಚಿತ್ರ ಕಳಿಸುವುದಿಲ್ಲ. ಒಂದು ಪೂರ್ತಿ ಚಿತ್ರ ಕಳಿಸಿ, ಆಮೇಲೆ "ಇಲ್ಲಿ ಇಷ್ಟು ಬದಲಾಯಿತು, ಅಲ್ಲಿ ಅಷ್ಟು ಬದಲಾಯಿತು" ಅನ್ನುವ ಚೀಟಿಗಳನ್ನು ಮಾತ್ರ ಕಳಿಸುತ್ತಾ ಹೋಗುತ್ತದೆ. ಆ ಪೂರ್ತಿ ಚಿತ್ರಕ್ಕೆ ಐ-ಫ್ರೇಮ್ ಅನ್ನುತ್ತಾರೆ. ನಡುವೆ ಬಂದು ಸೇರಿಕೊಂಡ ಟಿವಿಗೆ ಬರೀ ಚೀಟಿ ಸಿಕ್ಕರೆ ಪ್ರಯೋಜನವಿಲ್ಲ. ಮುಂದಿನ ಪೂರ್ತಿ ಚಿತ್ರ ಬರುವ ತನಕ ಅದು ಕಾಯಲೇಬೇಕು. ಈ ಮನೆಯ ಗೇಟಿನ ಕ್ಯಾಮೆರಾ ಸೆಕೆಂಡಿಗೆ 20 ಫ್ರೇಮ್ ಕಳಿಸುತ್ತಿತ್ತು, ಐ-ಫ್ರೇಮ್ ಅಂತರ 80. ಅಂದರೆ 4 ಸೆಕೆಂಡಿಗೆ ಒಂದು. ಅದರ ಮೇಲೆ ಜಾಗ ಉಳಿಸುವ ಸ್ಮಾರ್ಟ್ ಕೋಡೆಕ್ ಬೇರೆ ಆನ್ ಆಗಿತ್ತು. ದೃಶ್ಯದಲ್ಲಿ ಅಲುಗಾಟ ಇಲ್ಲದಿದ್ದರೆ ಅದು ಅಂತರವನ್ನು ಇನ್ನೂ ಎಳೆಯುತ್ತದೆ. ಖಾಲಿ ಗೇಟಿಗಿಂತ ಕಡಿಮೆ ಅಲುಗಾಟ ಇನ್ನೆಲ್ಲಿದೆ ಹೇಳಿ.

ಗೇಟಿನ ಕ್ಯಾಮೆರಾ ಒಂದಕ್ಕೆ ಮಾತ್ರ ಸ್ಮಾರ್ಟ್ ಕೋಡೆಕ್ ಆಫ್ ಮಾಡಿ, ಅಂತರವನ್ನು 20ಕ್ಕೆ ಇಳಿಸಿದೆ. ಸೆಕೆಂಡಿಗೊಂದು ಪೂರ್ತಿ ಚಿತ್ರ. ಓಕೆ ಒತ್ತಿದ ಒಂದೂವರೆ ಸೆಕೆಂಡಿಗೆಲ್ಲ ಗೇಟು ಕಂಡಿತು.

ಇದು ಪುಕ್ಕಟೆ ಸಿಗುವುದಿಲ್ಲ. ಮೊದಲು ಪ್ರತಿ ಕ್ಯಾಮೆರಾ ಸರಾಸರಿ ಸೆಕೆಂಡಿಗೆ 1.5 ಮೆಗಾಬಿಟ್ ಬಳಸುತ್ತಿತ್ತು. ದಿನಕ್ಕೆ 16.2 ಜಿಬಿ, ನಾಲ್ಕಕ್ಕೆ ಸುಮಾರು 65 ಜಿಬಿ. 2 ಟಿಬಿ ಡಿಸ್ಕಿನಲ್ಲಿ 30 ದಿನದ ರೆಕಾರ್ಡಿಂಗ್ ನಿಲ್ಲುತ್ತಿತ್ತು. ಈಗ ಗೇಟಿನದು 3 ಮೆಗಾಬಿಟ್‌ಗೆ ಏರಿ ಒಟ್ಟು ದಿನಕ್ಕೆ 81 ಜಿಬಿ ಆಯಿತು, ಡಿಸ್ಕಿನಲ್ಲಿ ನಿಲ್ಲುವುದು 24 ದಿನ. ನಾಲ್ಕಕ್ಕೂ ಹಾಗೇ ಮಾಡಿದ್ದರೆ 15 ದಿನಕ್ಕೆ ಇಳಿಯುತ್ತಿತ್ತು. ಹಿತ್ತಿಲಿನ ಚಿತ್ರ ನಾಲ್ಕು ಸೆಕೆಂಡು ತಡವಾಗಿ ಬಂದರೆ ಯಾರಿಗೇನು ನಷ್ಟ? ಅದಕ್ಕೇ ಅವನ್ನು ಮುಟ್ಟಲಿಲ್ಲ.

ಪಾಸ್‌ವರ್ಡ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಆರ್‌ಟಿಎಸ್‌ಪಿ ಲಿಂಕಿನಲ್ಲಿ ಪಾಸ್‌ವರ್ಡ್ ಹಾಗೇ ಬರೆದಿರುತ್ತದೆ, ಟಿವಿಯ ಆ್ಯಪ್ ಅದನ್ನು ಹಾಗೇ ಇಟ್ಟುಕೊಳ್ಳುತ್ತದೆ. ರೆಕಾರ್ಡರ್‌ನ ಅಡ್ಮಿನ್ ಪಾಸ್‌ವರ್ಡ್ ಅಲ್ಲಿ ಹಾಕಬಾರದು. ಲೈವ್ ನೋಡಲು ಮಾತ್ರ ಅನುಮತಿ ಇರುವ ಬೇರೆ ಯೂಸರ್ ಮಾಡಿ ಅದನ್ನೇ ಕೊಟ್ಟೆ. ಹೊರಗಿನಿಂದಲೂ ನೋಡಬಹುದು ಅಂತ ರೂಟರಿನಲ್ಲಿ 554ನೇ ಪೋರ್ಟ್ ತೆರೆದಿಡುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಬೇಡ. 2016ರಲ್ಲಿ ಮಿರಾಯ್ ಅನ್ನುವ ದುರುದ್ದೇಶದ ಪ್ರೋಗ್ರಾಂ ಫ್ಯಾಕ್ಟರಿಯ ಪಾಸ್‌ವರ್ಡನ್ನೇ ಇಟ್ಟುಕೊಂಡಿದ್ದ ಕ್ಯಾಮೆರಾ, ರೆಕಾರ್ಡರ್‌ಗಳಿಗೆ ನುಗ್ಗಿ, ಅವುಗಳ ಸೈನ್ಯ ಕಟ್ಟಿ, ಅಕ್ಟೋಬರ್ 21ರಂದು ದೊಡ್ಡ ದೊಡ್ಡ ವೆಬ್‌ಸೈಟುಗಳನ್ನೇ ಗಂಟೆಗಟ್ಟಲೆ ಕೆಡವಿತ್ತು.

ಗೆದ್ದೆ ಅಂದುಕೊಂಡ ವಾರ

ಒಂದು ವಾರ ಫೋನ್ ಬರಲಿಲ್ಲ. ಎಂಟನೇ ದಿನ ಬಂತು. "ನಾಲ್ಕೂ ಕಪ್ಪು ಕಣೋ." ಹಿಂದಿನ ರಾತ್ರಿ ಕರೆಂಟ್ ಹೋಗಿ ಬಂದಿತ್ತು. ರೂಟರ್ ಮತ್ತೆ ಶುರುವಾದಾಗ ರೆಕಾರ್ಡರ್‌ಗೆ ಹೊಸ ಐಪಿ ವಿಳಾಸ ಕೊಟ್ಟಿತ್ತು. ಟಿವಿ ಇನ್ನೂ ಹಳೆಯ ವಿಳಾಸದ ಬಾಗಿಲು ತಟ್ಟುತ್ತಿತ್ತು. ರೆಕಾರ್ಡರ್‌ಗೆ ಇಂಥದ್ದೇ ವಿಳಾಸ ಅಂತ ರೂಟರಿನಲ್ಲಿ ಕಾಯ್ದಿರಿಸಬೇಕು, ಐದು ನಿಮಿಷದ ಕೆಲಸ. ಮೊದಲ ದಿನವೇ ಮಾಡಬೇಕಿತ್ತು. ಇಪ್ಪತ್ತು ಮನೆಗೆ ಮಾಡಿದ ನಾನೇ ಇಲ್ಲಿ ಮರೆತಿದ್ದೆ.

ಅದನ್ನು ಸರಿ ಮಾಡಲು ಹೋದಾಗಲೇ ನಿಜವಾದ ತೊಂದರೆ ಕಣ್ಣಿಗೆ ಬಿತ್ತು. ನಾನು ಅಮ್ಮನನ್ನು ಕೇಳಿದೆ, "ಈ ವಾರ ಎಷ್ಟು ಸಲ ನೋಡಿದ್ರಿ ಅಮ್ಮ?"

"ಒಂದು ಸಲನೂ ಇಲ್ಲಪ್ಪಾ."

"ಯಾಕೆ? ಕಷ್ಟ ಆಯ್ತಾ?"

"ಕಷ್ಟ ಏನಿಲ್ಲ. ಟಿವಿ ಹಾಕೋ ಅಷ್ಟರಲ್ಲಿ ಅವರು ಹೋಗಿರ್ತಾರೆ."

ತೋರಿಸಿ ಅಂದೆ. ಅವರು ಎದ್ದು ಹಾಲ್‌ಗೆ ಬಂದರು. ಗೋಡೆಯ ಸ್ವಿಚ್ ಹಾಕಿದರು. ಟಿವಿಯ ಕೆಂಪು ದೀಪ ಹತ್ತಿತು. ರಿಮೋಟ್ ಒತ್ತಿದರು. ಕಂಪನಿಯ ಹೆಸರು ಮೂಡಿತು, ಚುಕ್ಕೆಗಳು ಕುಣಿದವು, ಮತ್ತೆ ಕುಣಿದವು. ಮುಖಪುಟ ಬರಲು 44 ಸೆಕೆಂಡು. ಆ್ಯಪ್ ತೆರೆಯಲು ಇನ್ನೂ 9. ನಾನು ಹೊಟ್ಟೆ ಕಟ್ಟಿ ಉಳಿಸಿದ್ದ ಆ ಮೂರು ಸೆಕೆಂಡು ಇದರ ಮುಂದೆ ಯಾವ ಲೆಕ್ಕ?

ನಾನು ಪರೀಕ್ಷೆ ಮಾಡಿದಾಗಲೆಲ್ಲ ಟಿವಿ ಸ್ಟ್ಯಾಂಡ್‌ಬೈನಲ್ಲಿತ್ತು, ಅಂದರೆ ರಿಮೋಟಿನಿಂದ ಮಾತ್ರ ಆರಿಸಿದ್ದು. ಅಲ್ಲಿಂದ ಏಳಲು ಅದಕ್ಕೆ ಮೂರು ಸೆಕೆಂಡು ಸಾಕು. ಆದರೆ ಅಮ್ಮ ನೋಡುವುದು ಮುಗಿದ ಕೂಡಲೇ ಗೋಡೆಯ ಸ್ವಿಚ್ಚನ್ನೇ ಆರಿಸುತ್ತಾರೆ. ಹಾಗೆ ಆರಿಸಿದ ಆಂಡ್ರಾಯ್ಡ್ ಟಿವಿ ಪ್ರತಿ ಸಲವೂ ಕಂಪ್ಯೂಟರ್ ಥರ ಮೊದಲಿನಿಂದ ಶುರುವಾಗಬೇಕು. ಗೆಳೆಯ, "ಅಮ್ಮ, ಸ್ವಿಚ್ ಆರಿಸಬೇಡ, ಹಾಗೇ ಬಿಡು" ಅಂದ. ಅಮ್ಮ ಹೂಂ ಅಂದರು. ಅವರು ಆರಿಸುತ್ತಾರೆ ಅಂತ ನನಗೂ ಗೊತ್ತು, ಅವನಿಗೂ ಗೊತ್ತು.

ಇಲ್ಲಿ ಎರಡು ದಾರಿ ಇದ್ದವು. ಐವತ್ತು ವರ್ಷದ ಅಭ್ಯಾಸ ತಿದ್ದುವುದು, ಅಥವಾ ಆ ಅಭ್ಯಾಸಕ್ಕೆ ಹೊಂದುವ ಟಿವಿ ಹುಡುಕುವುದು. ಎಷ್ಟೋ ಮನೆಗಳಲ್ಲಿ ನಮ್ಮವರು ಮೊದಲನೆಯದನ್ನು ಆರಿಸಿಕೊಂಡು, ಆಮೇಲೆ "ಗ್ರಾಹಕರಿಗೆ ಬಳಸೋಕೆ ಬರಲ್ಲ" ಅಂತ ದೂರುತ್ತಾರೆ. ನನಗದು ಹಿಡಿಸುವುದಿಲ್ಲ.

ಇನ್ನೊಂದು ಮಾತು ನೆನಪಾಗುತ್ತದೆ. ಮನೆಯ ಬಾಗಿಲಲ್ಲಿ ಕ್ಯಾಮೆರಾ, ಒಳಗೆ ಟಿವಿ ಅನ್ನುವ ಯೋಚನೆ ಮೊಬೈಲಿಗಿಂತ ಎಷ್ಟೋ ಹಳೆಯದು. ನ್ಯೂಯಾರ್ಕಿನ ನರ್ಸ್ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಮತ್ತು ಅವರ ಗಂಡ ಆಲ್ಬರ್ಟ್ ಬ್ರೌನ್ 1966ರಲ್ಲಿ ಇದಕ್ಕೆ ಪೇಟೆಂಟ್ ಕೇಳಿದರು, 1969ರ ಡಿಸೆಂಬರ್ 2ರಂದು ಸಿಕ್ಕಿತು. ಬಾಗಿಲಲ್ಲಿ ಬೇರೆ ಬೇರೆ ಎತ್ತರಕ್ಕೆ ಕಿಂಡಿಗಳು, ಅವುಗಳ ಹಿಂದೆ ಮೇಲೆ ಕೆಳಗೆ ಜರುಗುವ ಕ್ಯಾಮೆರಾ, ಒಳಗೆ ಟಿವಿ. ಇದ್ದಲ್ಲಿಂದಲೇ ಬಂದವರನ್ನು ನೋಡಿ, ಮಾತಾಡಿಸಿ, ಬೇಕಾದರೆ ಬಾಗಿಲು ತೆಗೆಯಬಹುದಿತ್ತು. ಗಂಡ ಹೆಂಡತಿ ಇಬ್ಬರಿಗೂ ಹೊತ್ತುಗೊತ್ತಿಲ್ಲದ ಕೆಲಸ, ಹೊತ್ತಲ್ಲದ ಹೊತ್ತಿನಲ್ಲಿ ಮನೆಯಲ್ಲಿ ಒಬ್ಬರೇ ಇದ್ದಾಗ ಬಾಗಿಲು ಬಡಿದರೆ ಏಳದೆ ನೋಡಬೇಕು, ಅದೇ ಕಾರಣ. ಆ ಟಿವಿಗೆ ಮುಖಪುಟ ಇರಲಿಲ್ಲ, ಆ್ಯಪ್ ಇರಲಿಲ್ಲ.

ಅಟ್ಟದಿಂದ ಇಳಿದ ಟಿವಿ

"ಹಳೇ ಟಿವಿ ಏನಾದರೂ ಇದೆಯಾ?" ಅಂದೆ. ಅಟ್ಟದ ಮೇಲೆ ಒಂದಿತ್ತು. 24 ಇಂಚಿನ ಎಲ್‌ಇಡಿ ಟಿವಿ, ಸ್ಮಾರ್ಟ್ ಅಲ್ಲ, ಹಿಂದೆ ಒಂದೇ ಒಂದು ಎಚ್‌ಡಿಎಂಐ ಕಿಂಡಿ. ಒರೆಸಿ, ಸ್ವಿಚ್ ಹಾಕಿ, ಲ್ಯಾಪ್‌ಟಾಪ್ ಜೋಡಿಸಿ ನೋಡಿದೆ. 5 ಸೆಕೆಂಡಿಗೆ ಚಿತ್ರ ಬಂತು. ಸ್ವಿಚ್ ಆರಿಸಿ ಹಾಕಿದರೂ ಕೊನೆಯ ಬಾರಿ ಇದ್ದ ಎಚ್‌ಡಿಎಂಐಗೇ ಬಂದು ನಿಲ್ಲುತ್ತಿತ್ತು, ರಿಮೋಟೇ ಬೇಡ. ಎಲ್ಲ ಹಳೆಯ ಟಿವಿಯೂ ಹೀಗಿರುವುದಿಲ್ಲ, ಕೆಲವು ರಿಮೋಟ್ ಒತ್ತುವ ತನಕ ಕಾಯುತ್ತವೆ. ಇದು ನಮ್ಮ ಅದೃಷ್ಟ.

ಈಗ ನೆಟ್‌ವರ್ಕ್, ಲಿಂಕ್, ಆ್ಯಪ್ ಯಾವುದೂ ಬೇಡ. ರೆಕಾರ್ಡರ್ ಹಗಲೂ ರಾತ್ರಿ ಎಲ್ಲ ಕ್ಯಾಮೆರಾಗಳ ಗಂಟು ಬಿಚ್ಚಿ, ಒಂದೇ ಚಿತ್ರವಾಗಿ ಜೋಡಿಸಿ, ಎಚ್‌ಡಿಎಂಐ ಕಿಂಡಿಯಲ್ಲಿ ಇಟ್ಟುಕೊಂಡು ಕಾಯುತ್ತಿರುತ್ತದೆ. ತಂತಿ ಒಂದು ಎಳೆದರೆ ಸಾಕು. ಆದರೆ ರೆಕಾರ್ಡರ್ ಮಹಡಿಯಲ್ಲಿ, ಈ ಟಿವಿ ಇಡಬೇಕಾದ ಅಮ್ಮನ ಕೋಣೆ ಕೆಳಗೆ. ಗೋಡೆ ಬಳಸಿ ಅಳೆದರೆ 18 ಮೀಟರ್. ಸಾಧಾರಣ ಎಚ್‌ಡಿಎಂಐ ಕೇಬಲ್ ಅಷ್ಟು ದೂರಕ್ಕೆ ನಂಬಿಕೆಯದಲ್ಲ. ಮನೆ ಕಟ್ಟುವಾಗ ಇಂಟರ್‌ನೆಟ್‌ಗೆ ಅಂತ ಆ ಕೋಣೆಗೆ ಹಾಕಿಸಿದ್ದ ಕ್ಯಾಟ್6 ಕೇಬಲ್ ಒಂದು ಸುಮ್ನೆ ಬಿದ್ದಿತ್ತು. ಎರಡು ತುದಿಗೆ, ಎಚ್‌ಡಿಎಂಐ ಚಿತ್ರವನ್ನು ಇಂಥ ಕೇಬಲ್‌ನಲ್ಲಿ ದೂರಕ್ಕೆ ಹಾಯಿಸುವ ಎಕ್ಸ್‌ಟೆಂಡರ್ ಹಾಕುವುದು ಅಂತಾಯಿತು. ಮೇಲೆ ಒಂದು ಪುಟ್ಟ ಡಬ್ಬಿ, ಕೆಳಗೆ ಒಂದು.

ಡಬ್ಬಿ ಬಂದ ದಿನ ಗೆಳೆಯ ನನ್ನನ್ನು ಕಾಯದೆ ತಾನೇ ಹಾಕಿದ. ಚಿತ್ರ ಬರಲಿಲ್ಲ. ಹೋಗಿ ನೋಡಿದರೆ ಆ ಕೇಬಲನ್ನು ನೆಟ್‌ವರ್ಕ್ ಸ್ವಿಚ್ಚಿಗೆ, ಅಂದರೆ ನೆಟ್‌ವರ್ಕ್ ಕೇಬಲ್‌ಗಳೆಲ್ಲ ಸೇರುವ ಡಬ್ಬಿಗೆ, ಚುಚ್ಚಿ, ಅಲ್ಲಿಂದ ಇನ್ನೊಂದು ಕೇಬಲ್‌ನಲ್ಲಿ ಎಕ್ಸ್‌ಟೆಂಡರ್ ಡಬ್ಬಿಗೆ ತಂದಿದ್ದ. ಪಿನ್ ಒಂದೇ ಥರ ಇರುವುದರಿಂದ ಈ ತಪ್ಪು ಯಾರಿಗಾದರೂ ಆಗುತ್ತದೆ. ಈ ಥರದ ಸಾದಾ ಎಕ್ಸ್‌ಟೆಂಡರ್ ನೆಟ್‌ವರ್ಕ್ ಭಾಷೆ ಆಡುವುದೇ ಇಲ್ಲ, ತಂತಿಯನ್ನು ಮಾತ್ರ ಬಳಸಿಕೊಳ್ಳುತ್ತದೆ. ಡಬ್ಬಿಯಿಂದ ಡಬ್ಬಿಗೆ ನೇರ ಇರಬೇಕು.

ನೇರ ಮಾಡಿದೆ. ಆಗಲೂ ಟಿವಿಯಲ್ಲಿ "ನೋ ಸಿಗ್ನಲ್".

ಇದರಲ್ಲಿ ಒಂದು ಸಂಜೆ ಪೂರ್ತಿ ಹೋಯಿತು. ಕೇಬಲ್ ಬದಲಿಸಿದೆ, ಪಿನ್ ಮತ್ತೆ ಒತ್ತಿದೆ, ಡಬ್ಬಿಗಳನ್ನು ಅದಲುಬದಲು ಮಾಡಿದೆ. ಕೊನೆಗೆ ಟಿವಿಯನ್ನೇ ಹೊತ್ತುಕೊಂಡು ಮಹಡಿಗೆ ಹೋಗಿ ರೆಕಾರ್ಡರ್‌ಗೆ ನೇರ ಜೋಡಿಸಿದೆ. ಬಂತು! ಕೆಳಗೆ ತಂದರೆ ಇಲ್ಲ. ಸಾಮಾನ್ಯವಾಗಿ ಟಿವಿ ತನಗೆ ಯಾವ ಗಾತ್ರದ ಚಿತ್ರ ಆಗುತ್ತದೆ ಅಂತ ಎಚ್‌ಡಿಎಂಐ ತಂತಿಯಲ್ಲೇ ಹೇಳಿ ಕಳಿಸುತ್ತದೆ, ಇಡಿಐಡಿ ಅನ್ನುತ್ತಾರೆ. ನಮ್ಮ ಎಕ್ಸ್‌ಟೆಂಡರ್ ಆ ಮಾತನ್ನು ಮೇಲಕ್ಕೆ ತಲುಪಿಸುತ್ತಿರಲಿಲ್ಲ. ಎದುರಿಗೆ ಯಾರಿದ್ದಾರೆಂದು ತಿಳಿಯದ ರೆಕಾರ್ಡರ್ ತನ್ನ ಪಾಡಿಗೆ 4ಕೆ ಅನ್ನುವ ಭಾರಿ ಗಾತ್ರದ ಚಿತ್ರ ಕಳಿಸುತ್ತಿತ್ತು. 1366×768ರ ಪಾಪದ ಟಿವಿ ಅದನ್ನು ಏನು ಮಾಡಬೇಕು? ಟಿವಿಯನ್ನು ಮತ್ತೆ ಮೇಲೆ ಹೊತ್ತು, ರೆಕಾರ್ಡರ್ ಮೆನುವಿನಲ್ಲಿ ಔಟ್‌ಪುಟ್ಟನ್ನು ಆಟೋದಿಂದ ತೆಗೆದು 1280×720ಕ್ಕೆ ಕಟ್ಟಿಹಾಕಿ, ಕೆಳಗೆ ತಂದೆ. ಚಿತ್ರ ಬಂತು. ಮೂಲೆಯಲ್ಲಿ ಗಂಟೆ ನಿಮಿಷ ಅರ್ಧ ಕತ್ತರಿಸಿ ಹೋಗಿತ್ತು. ಹಳೆಯ ಟಿವಿಗಳು ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅಂಚು ಕತ್ತರಿಸುತ್ತವೆ. ಟಿವಿಯ ಮೆನುವಿನಲ್ಲಿ ಸ್ಕ್ರೀನ್ ಫಿಟ್ ಮಾಡಿದೆ, ಗಂಟೆ ಪೂರ್ತಿ ಕಂಡಿತು.

ಪರದೆಯ ಹಂಚಿಕೆಯೂ ಮುಖ್ಯ. ನಾಲ್ಕು ಸಮ ಚೌಕ ಮಾಡಿದರೆ 24 ಇಂಚಿನಲ್ಲಿ ಮುಖ ಬಟಾಣಿ ಕಾಳಿನಷ್ಟು ಆಗುತ್ತದೆ. ಒಂದು ದೊಡ್ಡದು, ಸುತ್ತ ಐದು ಚಿಕ್ಕದು ಇರುವ ವಿನ್ಯಾಸ ಆರಿಸಿ, ದೊಡ್ಡದಕ್ಕೆ ಗೇಟು ಕೊಟ್ಟೆ.

ಸೊಸೆ ಹೇಳಿದ್ದು

ನಾನು ಸಾಮಾನು ಜೋಡಿಸಿಕೊಳ್ಳುತ್ತಿದ್ದೆ. ಸೊಸೆ ಬಂದು ಪರದೆ ನೋಡಿದರು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಹಿತ್ತಿಲಿನ ಚೌಕ ತೋರಿಸಿ, "ಇದು ಇಲ್ಲಿ ಯಾಕೆ?" ಅಂದರು.

"ಇರಲಿ ಅಂತ" ಅಂದೆ. ನಿಜವಾಗಿ ನನ್ನ ಹತ್ತಿರ ಕಾರಣ ಇರಲಿಲ್ಲ. ನಾಲ್ಕು ಕ್ಯಾಮೆರಾ ಇದೆ, ನಾಲ್ಕೂ ಹಾಕಿದ್ದೆ.

"ಈ ಕೋಣೆಗೆ ಎಲ್ಲರೂ ಬರ್ತಾರೆ. ಅತ್ತೆ ಜೊತೆ ಮಾತಾಡ್ತಾ ಕೂರ್ತಾರೆ. ನಾನು ಹಿಂದೆ ಬಟ್ಟೆ ಒಣಗಿಸೋದನ್ನ ಅವರೆಲ್ಲ ಟಿವಿಯಲ್ಲಿ ನೋಡೋದು ನನಗೆ ಬೇಡ. ರೆಕಾರ್ಡ್ ಆಗಲಿ, ಅದು ಬೇರೆ."

ಆ ವ್ಯತ್ಯಾಸ ಅವರು ಹೇಳುವ ತನಕ ನನಗೆ ಹೊಳೆದಿರಲಿಲ್ಲ. ಮೊಬೈಲಿನ ಆ್ಯಪ್ ಒಬ್ಬರ ಕೈಯಲ್ಲಿರುತ್ತದೆ, ಬೇಕಾದಾಗ ತೆರೆಯುತ್ತಾರೆ. ಟಿವಿ ಹಾಗಲ್ಲ, ಕೋಣೆಗೆ ಬಂದವರಿಗೆಲ್ಲ ತೋರಿಸುತ್ತಲೇ ಇರುತ್ತದೆ. ಹಿತ್ತಿಲನ್ನು ಈ ಪರದೆಯಿಂದ ತೆಗೆದೆ. ಬರೀ ಚೌಕ ತೆಗೆದರೆ ಯಾರಾದರೂ ಮೌಸ್ ಹಾಕಿ ಮತ್ತೆ ತರಬಹುದು. ಅದಕ್ಕೇ ಲಾಗಿನ್ ಇಲ್ಲದೆ ತೋರಿಸುವ ಕ್ಯಾಮೆರಾಗಳ ಪಟ್ಟಿಯಿಂದಲೇ ಅದನ್ನು ಬಿಡಿಸಿ, ಮೆನುವಿಗೆ ಪಾಸ್‌ವರ್ಡ್ ಹಾಕಿದೆ. ಹಾಲ್ ಟಿವಿಯ ಆ್ಯಪ್‌ನಿಂದಲೂ ತೆಗೆದೆ. ಓಣಿಯ ಕ್ಯಾಮೆರಾವನ್ನು ಅದೇ ಕಣ್ಣಿನಿಂದ ನೋಡಿದರೆ, ಚಿತ್ರದ ಬಲ ಮೂಲೆಯಲ್ಲಿ ಪಕ್ಕದ ಮನೆಯ ಕಿಟಕಿ ಸ್ಪಷ್ಟವಾಗಿ ಕಾಣುತ್ತಿತ್ತು. ಹಾಕಿದ ದಿನದಿಂದಲೂ ಹಾಗೇ ಇತ್ತಂತೆ, ಯಾರೂ ಗಮನಿಸಿರಲಿಲ್ಲ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಪ್ರೈವಸಿ ಮಾಸ್ಕ್ ಅಂತ ಇರುತ್ತದೆ. ಆ ಕಿಟಕಿಯ ಮೇಲೆ ಕಪ್ಪು ಪಟ್ಟಿ ಎಳೆದೆ. ಇದು ರೆಕಾರ್ಡಿಂಗ್‌ನಲ್ಲೂ ಕಪ್ಪಾಗಿಯೇ ಇರುತ್ತದೆ.

ಈಗ ಹೇಗಿದೆ

ಅಮ್ಮ ಬೆಳಿಗ್ಗೆ ಎದ್ದು ಸ್ವಿಚ್ ಹಾಕುತ್ತಾರೆ, ಮಲಗುವಾಗ ಆರಿಸುತ್ತಾರೆ. ಆರಿಸಿದರೂ ರೆಕಾರ್ಡಿಂಗ್ ನಡೆಯುತ್ತಲೇ ಇರುತ್ತದೆ ಅಂತ ಎರಡು ಸಲ ಹೇಳಿದ ಮೇಲೆ ಒಪ್ಪಿದರು. ಇಂಥ ಟಿವಿ 25 ವಾಟ್ ಆಸುಪಾಸು ಎಳೆಯುತ್ತದೆ, ದಿನಕ್ಕೆ 14 ಗಂಟೆ ಹಾಕಿದರೂ ಅರ್ಧ ಯೂನಿಟ್ ಆಗುವುದಿಲ್ಲ. ಎಲ್‌ಇಡಿ ಟಿವಿ ಅಂದರೂ ಇದರ ಪರದೆ ಎಲ್‌ಸಿಡಿ, ಹಾಗಾಗಿ ಇಡೀ ದಿನ ಒಂದೇ ಚಿತ್ರ ನಿಂತರೂ ನನಗೆ ಚಿಂತೆಯಿಲ್ಲ. ಒಎಲ್‌ಇಡಿ ಟಿವಿ ಆಗಿದ್ದರೆ ಒಪ್ಪುತ್ತಿರಲಿಲ್ಲ. ಅಲುಗದ ಗೇಟು, ಅದೇ ಜಾಗದಲ್ಲಿ ಗಂಟೆಯ ಬಿಳಿ ಅಂಕಿ, ಇವು ತಿಂಗಳುಗಟ್ಟಲೆ ನಿಂತರೆ ಅಲ್ಲಿ ಅಚ್ಚೊತ್ತಿಬಿಡುವ ಅಪಾಯವಿದೆ.

ಗೇಟಿನ ಐ-ಫ್ರೇಮ್ ಬದಲಾವಣೆ ಈ ಪರದೆಗೆ ಬೇಕಿಲ್ಲ, ರೆಕಾರ್ಡರ್ ಎಂದೂ ನಡುವೆ ಬಂದು ಸೇರುವುದಿಲ್ಲವಲ್ಲ. ಆದರೂ ಹಾಗೇ ಬಿಟ್ಟೆ. ಸಂಜೆ ಮಗ ಹಾಲ್ ಟಿವಿಯ ಆ್ಯಪ್ ಬಳಸುತ್ತಾನೆ. ಆರು ದಿನದ ರೆಕಾರ್ಡಿಂಗ್ ಹೋದರೆ ಹೋಗಲಿ ಅಂದ.

ಕೊನೆಯ ಸಲ ಹೋದಾಗ ಮತ್ತೆ ಬೆಲ್ ಒತ್ತಿ ನೋಡಿದೆ. ಈ ಸಲ ಗೆಳೆಯ ಲೆಕ್ಕ ಮಾಡುವಂಥದ್ದೇನೂ ಉಳಿದಿರಲಿಲ್ಲ. ಅಮ್ಮ ಕುರ್ಚಿಯಲ್ಲೇ ತಲೆ ತಿರುಗಿಸಿ ನೋಡಿ, ಒಳಗಿನಿಂದಲೇ "ಬಾರಪ್ಪಾ, ತೆಗೆದೇ ಇದೆ" ಅಂತ ಕೂಗಿದರು.

ಒಳಗೆ ಹೋದ ಮೇಲೆ ನನ್ನನ್ನು ಪಕ್ಕ ಕೂರಿಸಿಕೊಂಡು, ಮಗನನ್ನು ಗೇಟಿಗೆ ಕಳಿಸಿ ಬೆಲ್ ಒತ್ತಿಸಿದರು. "ನೋಡ್ತಾ ಇರು" ಅಂದರು. ಬೆಲ್ ಕೇಳಿತು. ಪರದೆಯಲ್ಲಿ ಅವನು ಇನ್ನೂ ಕೈ ಎತ್ತುತ್ತಿದ್ದ. ಕ್ಯಾಮೆರಾದಿಂದ ರೆಕಾರ್ಡರ್, ರೆಕಾರ್ಡರ್‌ನಿಂದ ಟಿವಿ, ಎಲ್ಲ ಸೇರಿ ಮುಕ್ಕಾಲು ಸೆಕೆಂಡು.

"ಬೆಲ್ ಮೊದಲು ಆಗುತ್ತೆ, ಒತ್ತೋದು ಆಮೇಲೆ" ಅಂತ ನಕ್ಕರು. "ಇದನ್ನೂ ಸರಿ ಮಾಡ್ತೀಯಾ?"

ಇಲ್ಲಮ್ಮ, ಅದು ಹಾಗೇ ಇರುತ್ತೆ ಅಂದೆ.